ಟಾಮಿಯ ಮಂಡಿನೋವು, ಮನೆಯ ಲೆಕ್ಕದ ಪುಸ್ತಕ

ನಾಯಿಗೂ ಮಂಡಿನೋವು ಬರುತ್ತದೆಯೇ ಎಂದು ನಗಬೇಡಿ, ಸೋದರಿಯರೇ. ಎರಡು ವರ್ಷದ ಹಿಂದೆ ನಾನೂ ಹಾಗೇ ನಕ್ಕಿದ್ದೆ. ನಮ್ಮ ಟಾಮಿ ಲ್ಯಾಬ್ರಡಾರ್ ಜಾತಿಯವನು. ಹತ್ತು ವರ್ಷ ತುಂಬಿದ ಮೇಲೆ ಬೆಳಿಗ್ಗೆ ಏಳುವಾಗ ಹಿಂಗಾಲು ಎಳೆಯತೊಡಗಿದ. ಗೇಟಿನ ಸದ್ದಾದರೆ ಓಡಿ ಬರುತ್ತಿದ್ದವನು ಮಲಗಿದಲ್ಲೇ ಬಾಲ ಆಡಿಸಿ ಸುಮ್ಮನಾಗುತ್ತಿದ್ದ. "ವಯಸ್ಸಾಯ್ತಲ್ಲ, ಇನ್ನೇನು" ಅಂದ್ರು ನಮ್ಮ ಯಜಮಾನರು. ನನಗೆ ಮನಸ್ಸು ತಡೆಯಲಿಲ್ಲ.

ಪೇಟೆಯ ಅಂಗಡಿಯೊಂದರಲ್ಲಿ ವಿಚಾರಿಸಿದೆ. ಕೀಲಿಗೆ ಒಳ್ಳೆಯದೆಂದು ಒಂದು ಡಬ್ಬಿ ಮಾತ್ರೆ ಕೊಟ್ಟರು. 60 ಮಾತ್ರೆಗೆ 840 ರೂಪಾಯಿ. ಎರಡು ತಿಂಗಳಿಗೆ ಆಯ್ತು ಅಂದುಕೊಂಡೆ. ಮನೆಗೆ ಬಂದು ಓದಿದರೆ, ಟಾಮಿಯಷ್ಟು ಭಾರದ ನಾಯಿಗೆ ದಿನಕ್ಕೆ 3 ಮಾತ್ರೆ! ಅಂದರೆ 20 ದಿನಕ್ಕೆ ಡಬ್ಬಿ ಖಾಲಿ. ದಿನಕ್ಕೆ 42 ರೂಪಾಯಿ, ತಿಂಗಳಿಗೆ 1,260, ವರ್ಷಕ್ಕೆ 15,330. ಎರಡನೇ ಸಲ ಹೋದಾಗ "ಜೊತೆಗೆ ಇದನ್ನೂ ಕೊಡಿ" ಎಂದು 520 ರೂಪಾಯಿಯ ಒಂದು ಸಿರಪ್ಪನ್ನೂ ಕಟ್ಟಿದರು.

ಈ ಹಣ ಬಂದದ್ದು ಎಲ್ಲಿಂದ? ಮನೆಖರ್ಚಿನಲ್ಲಿ ಉಳಿಸಿ ಡಬ್ಬಿಯಲ್ಲಿ ಇಟ್ಟದ್ದರಿಂದ. ಅತ್ತೆಯವರ ಕನ್ನಡಕ ಬದಲಿಸುವುದನ್ನು "ಮುಂದಿನ ತಿಂಗಳು" ಎಂದು ಎರಡು ಸಲ ಮುಂದೂಡಿದೆ. ಅತ್ತೆ ಒಂದು ದಿನ ನಗುತ್ತಲೇ, "ನನ್ನ ಮಂಡಿಗೂ ಅದರಲ್ಲಿ ಒಂದು ಮಾತ್ರೆ ಕೊಡೇ" ಅಂದ್ರು. ನಗುವಿನ ಮಾತೇ ಆದರೂ ನನಗೆ ಚುರ್ ಅಂತು.

ಡಾಕ್ಟರು ಹೇಳಿದ್ದು

ಕೊನೆಗೆ ತಾಲ್ಲೂಕಿನ ಪಶು ಆಸ್ಪತ್ರೆಗೆ ಟಾಮಿಯನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಡಾಕ್ಟರು ಕಾಲು ಮಡಿಸಿ ನೋಡಿ ಸಂಧಿವಾತವೇ ಅಂದ್ರು. ಮಾತ್ರೆ, ಸಿರಪ್ಪು ಎರಡರ ಚೀಟಿಯನ್ನೂ ಓದಿದರು. ಎರಡರಲ್ಲೂ ಇದ್ದದ್ದು ಒಂದೇ: ಗ್ಲುಕೋಸಮೈನ್ ಮತ್ತು ಕಾಂಡ್ರಾಯ್ಟಿನ್. ಹೆಸರು ಬೇರೆ, ಬಣ್ಣ ಬೇರೆ, ಬೆಲೆ ಬೇರೆ.

ಇದರಿಂದ ಗುಣ ಸಿಗುತ್ತದೆಯೇ ಎಂದು ಕೇಳಿದೆ. ಮಂಡಿನೋವಿನ 1,583 ಜನರಿಗೆ ಇವನ್ನು ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಪ್ರಕಟವಾಯಿತಂತೆ. ಒಟ್ಟಾರೆ ನೋಡಿದರೆ ಬರೀ ಹುಸಿಮಾತ್ರೆ ನುಂಗಿದವರಿಗಿಂತ ಹೆಚ್ಚಿನ ಗುಣ ಕಾಣಲಿಲ್ಲ. ನಾಯಿ ಬೆಕ್ಕುಗಳ ಮೇಲೆ ನಡೆದ ಪರೀಕ್ಷೆಗಳನ್ನೆಲ್ಲ 2022ರಲ್ಲಿ ಒಟ್ಟುಗೂಡಿಸಿ ನೋಡಿದವರೂ ಈ ಎರಡನ್ನು ನಂಬುವಂತಿಲ್ಲ ಎಂದೇ ಬರೆದಿದ್ದಾರೆ. ಅದೇ ಪರಿಶೀಲನೆಯಲ್ಲಿ ಪ್ರಯೋಜನ ಕಂಡದ್ದು ಒಮೆಗಾ-3 ಎಂಬ ಕೊಬ್ಬಿನಂಶಕ್ಕೆ. ಇದು ಮೀನಿನ ಎಣ್ಣೆಯಲ್ಲಿ ಇರುತ್ತದೆ. ಆದರೆ ಮೀನಿನ ಎಣ್ಣೆ ಬೇರೆ, ಮೀನಿನ ಪಿತ್ತಜನಕಾಂಗದ ಎಣ್ಣೆ ಬೇರೆ. ಎರಡನೆಯದರಲ್ಲಿ ಎ ಮತ್ತು ಡಿ ಜೀವಸತ್ವ ಹೆಚ್ಚು, ಅತಿಯಾದರೆ ಕೆಡುಕು. ಎಷ್ಟು ಕೊಡಬೇಕೆಂಬುದನ್ನು ನಾಯಿಯ ತೂಕ ನೋಡಿ ಡಾಕ್ಟರೇ ಹೇಳಬೇಕು. ನಮ್ಮದು ಸಸ್ಯಾಹಾರದ ಮನೆ, ಆ ಶೀಶೆಗೆ ಹಿತ್ತಲ ಜಗಲಿಯ ಗೂಡೇ ಗತಿ!

ಇನ್ನೊಂದು ಮಾತು ನೆನಪಿಡಿ. ಟಾಮಿ ನರಳಿದ ಒಂದು ರಾತ್ರಿ ಅತ್ತೆಯ ನೋವಿನ ಮಾತ್ರೆ ಕೊಡಲು ಕೈಯೆತ್ತಿದ್ದೆ. ಅದನ್ನು ಕೇಳಿ ಡಾಕ್ಟರು ಗದರಿಬಿಟ್ಟರು. ನಾವು ನುಂಗುವ ಐಬುಪ್ರೊಫೇನ್, ಡೈಕ್ಲೋಫೆನ್ಯಾಕ್‌ಗಳಿಂದ ನಾಯಿಯ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರಬಹುದು, ಮೂತ್ರಪಿಂಡ ಕೆಡಬಹುದು. ಪ್ಯಾರಸಿಟಮಾಲ್ ಅಳತೆ ತಪ್ಪಿದರೆ ಪಿತ್ತಜನಕಾಂಗಕ್ಕೆ ಪೆಟ್ಟು. ನಾಯಿಗೆಂದೇ ನೋವಿನ ಔಷಧಿಗಳಿವೆ. ಅವನ್ನು ಡಾಕ್ಟರು ಬರೆದುಕೊಟ್ಟಷ್ಟೇ ಕೊಡಬೇಕು.

ಖರ್ಚಿಲ್ಲದ ಔಷಧಿ

"ಅಮ್ಮಾ, ಇವನ ದೊಡ್ಡ ಕಾಯಿಲೆ ಇವನ ತೂಕ" ಅಂದ್ರು ಡಾಕ್ಟರು. ಟಾಮಿ 36 ಕಿಲೋ ಇದ್ದ! ಬೆಳಿಗ್ಗೆ ತುಪ್ಪದ ದೋಸೆ, ಸಂಜೆ ಬಿಸ್ಕತ್ತು, ಹಬ್ಬಕ್ಕೆ ಹೋಳಿಗೆ, ಪ್ರೀತಿಯಿಂದ ಕೊಟ್ಟವಳು ನಾನೇ. ಅಮೆರಿಕದಲ್ಲಿ 48 ಲ್ಯಾಬ್ರಡಾರ್ ನಾಯಿಗಳನ್ನು ಮರಿಯಿಂದ ಕೊನೆಯವರೆಗೂ ಸಾಕಿ ನೋಡಿದ್ದಾರೆ. ಕಾಲು ಭಾಗ ಕಡಿಮೆ ಉಂಡವು ಸುಮಾರು ಎರಡು ವರ್ಷ ಹೆಚ್ಚು ಬಾಳಿದವು, ಸಂಧಿವಾತವೂ ತಡವಾಗಿ ಬಂತು.

ನಾವು ಮಾಡಿದ್ದು ಇಷ್ಟು:

1. ತುಪ್ಪ, ಸಿಹಿ, ಬಿಸ್ಕತ್ತು ಬಂದ್. ಅನ್ನ ಕಡಿಮೆ ಮಾಡಿ ಬೇಯಿಸಿದ ಹುರುಳಿಕಾಯಿ, ಕ್ಯಾರೆಟ್ ಸೇರಿಸಿದೆವು. ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ ನಾಯಿಗೆ ವಿಷ, ಮರೆಯಬೇಡಿ.

2. ಒಂದೇ ಸಲ ದೂರ ನಡೆಸುವ ಬದಲು ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ.

3. ನುಣುಪು ನೆಲದ ಮೇಲೆ ಗೋಣಿಚೀಲ, ಹಳೆಯ ಜಮಖಾನ ಹಾಸಿದೆವು. ಕಾಲು ಜಾರುವುದು ನಿಂತಿತು. ಮಲಗಲು ಹಳೆಯ ಕೌದಿ.

4. ಉಗುರು ಬೆಳೆಯಗೊಡಲಿಲ್ಲ. ಚಳಿಯಲ್ಲಿ ಉಗುರುಬೆಚ್ಚನೆಯ ಬಟ್ಟೆಯ ಶಾಖ.

ಆರು ತಿಂಗಳಲ್ಲಿ ಟಾಮಿ 32 ಕಿಲೋಗೆ ಇಳಿದ. ಮರಿಯಂತೆ ಓಡುತ್ತಾನೆ ಎಂದು ಸುಳ್ಳು ಹೇಳಲಾರೆ. ಆದರೆ ಗೇಟಿನವರೆಗೂ ಬರುತ್ತಾನೆ.

ಡಬ್ಬಿ ಕೊಳ್ಳಲೇಬೇಕೆಂದರೆ

ಡಬ್ಬಿಯ ಬೆಲೆ ನೋಡಿ ಮರುಳಾಗಬೇಡಿ, ದಿನದ ಲೆಕ್ಕ ಹಾಕಿ. ಬೆಲೆಯನ್ನು ಮಾತ್ರೆಗಳ ಸಂಖ್ಯೆಯಿಂದ ಭಾಗಿಸಿ, ನಿಮ್ಮ ನಾಯಿಯ ತೂಕಕ್ಕೆ ದಿನಕ್ಕೆ ಎಷ್ಟು ಮಾತ್ರೆಯೋ ಅಷ್ಟರಿಂದ ಗುಣಿಸಿ. ಸಣ್ಣ ನಾಯಿಗೆ ಅಗ್ಗವಾದದ್ದು ದೊಡ್ಡದಕ್ಕೆ ದುಬಾರಿ. ಒಂದೇ ವಸ್ತು ಎರಡು ಡಬ್ಬಿಯಲ್ಲಿ ಬಾರದಂತೆ ಚೀಟಿ ಓದಿ. ಶುರು ಮಾಡಿದ ತಾರೀಖು ಬರೆದಿಡಿ. ಹೇಗೆ ಏಳುತ್ತದೆ, ಎಷ್ಟು ಮೆಟ್ಟಿಲು ಹತ್ತುತ್ತದೆ ಎಂದು ವಾರಕ್ಕೊಮ್ಮೆ ಗುರುತು ಹಾಕಿ. ಎರಡು ತಿಂಗಳಲ್ಲಿ ವ್ಯತ್ಯಾಸ ಕಾಣದಿದ್ದರೆ ಡಾಕ್ಟರನ್ನು ಕೇಳಿ ನಿಲ್ಲಿಸಿ. ಹೊಸದೇನನ್ನಾದರೂ ಅದೇ ದಿನ ಶುರು ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಮಾತು ಬಾರದ ಜೀವ ನರಳುವಾಗ ದುಡ್ಡಿನ ಮಾತು ಆಡುವುದು ಪಾಪ ಅಂತ ನಮಗೆ ಅನ್ನಿಸುತ್ತೆ. ಅಂಗಡಿಯಿಂದ ಏನಾದರೂ ತಂದರೇನೇ ಸಮಾಧಾನ. ಆದರೆ ಟಾಮಿಗೆ ಬೇಕಾಗಿದ್ದದ್ದು ನನ್ನ 42 ರೂಪಾಯಿ ಅಲ್ಲ, ದೋಸೆ ಕೊಡದಿರುವಷ್ಟು ಗಟ್ಟಿ ಮನಸ್ಸು. ಅದು ನನಗೆ ಮಾತ್ರೆಗಿಂತ ಕಷ್ಟವಾಯಿತು.

ಅತ್ತೆಯವರ ಹೊಸ ಕನ್ನಡಕ ಬಂದಿದೆ. ಈಗ ಟಾಮಿಗೆ ಯಾರು ಕದ್ದು ಬಿಸ್ಕತ್ತು ಹಾಕುತ್ತಾರೆಂದು ಅವರೇ ಕಾವಲು ಕಾಯುತ್ತಾರೆ!