ಸಾರ್ವಜನಿಕ ಸಂಪರ್ಕವೃತ್ತಿಯ ಶೀಲ

ಅನ್ಯರ ಕೀರ್ತಿಯನ್ನು ಕಾಯುವುದೇ ಕಸುಬಾಗುಳ್ಳವನು ಮೊದಲು ತನ್ನ ಕೀರ್ತಿಯನ್ನು ಕಾಯ್ದುಕೊಳ್ಳಬೇಕಷ್ಟೆ. 1906ರಲ್ಲಿ ಅಮೆರಿಕದ ಐವಿ ಲೀ ಅವರು ತಮ್ಮ ಕಾರ್ಯವು ಗುಟ್ಟಿನದಲ್ಲವೆಂದೂ, ಪತ್ರಿಕೆಗಳಿಗೆ ನಿಜವಾದ ಮಾಹಿತಿಯನ್ನೊದಗಿಸುವುದೇ ತಮ್ಮ ಉದ್ದೇಶವೆಂದೂ ಸಾರಿದರು. ಭಾರತದ ವೃತ್ತಿನಿರತರು 1968ರ ದೆಹಲಿ ಸಮ್ಮೇಳನದಲ್ಲಿ ಅಥೆನ್ಸ್ ನೀತಿಸಂಹಿತೆಯನ್ನು ಅಂಗೀಕರಿಸಿದರು.

ಆದರೆ ಸಂಹಿತೆಯ ಬಲವು ತಿಳಿಯುವುದು ಅದನ್ನು ಮೀರಿದವರ ಪ್ರಸಂಗದಲ್ಲಿ. ಲಂಡನ್ನಿನ ಬೆಲ್ ಪಾಟಿಂಜರ್ ಸಂಸ್ಥೆಯು ದಕ್ಷಿಣ ಆಫ್ರಿಕದಲ್ಲಿ ಗುಪ್ತಾ ಕುಟುಂಬದ ಕಂಪನಿಯ ಪರವಾಗಿ ನಡೆಸಿದ ಪ್ರಚಾರವು ಜನಾಂಗೀಯ ವೈಮನಸ್ಯವನ್ನು ಕೆರಳಿಸಬಲ್ಲದೆಂದು ನಿರ್ಣಯಿಸಿ, 2017ರ ಸೆಪ್ಟೆಂಬರಿನಲ್ಲಿ ಬ್ರಿಟನ್ನಿನ ವೃತ್ತಿಸಂಘವು ಅದನ್ನು ಹೊರಹಾಕಿತು. ಕಕ್ಷಿಗಾರರು ಒಬ್ಬೊಬ್ಬರಾಗಿ ದೂರ ಸರಿದರು. ಅದೇ ತಿಂಗಳಲ್ಲಿ ಸಂಸ್ಥೆಯು ಕುಸಿಯಿತು.

ಬ್ರಿಟನ್ನಿನಲ್ಲಾಗಲಿ ಭಾರತದಲ್ಲಾಗಲಿ ವಕೀಲಿಗಿರುವಂತೆ ಈ ವೃತ್ತಿಗೆ ಸನ್ನದಿನ ಕಟ್ಟಿಲ್ಲ. ಸಂಘದಿಂದ ಹೊರಬಿದ್ದವನೂ ವ್ಯವಹಾರ ನಡೆಸಬಹುದು. ಆದುದರಿಂದ ಇಲ್ಲಿ ಕೊನೆಗೆ ದಂಡ ವಿಧಿಸುವುದು ಕಾನೂನಲ್ಲ, ವಿಶ್ವಾಸನಷ್ಟ.