ಮೇಜಿನ ಮೇಲಿನ ರೈಲುಮಾರ್ಗ

ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಸೆಪ್ಟೆಂಬರ್ ತಿಂಗಳ ಮೊದಲನೆಯ ಸೋಮವಾರ ಕಾರ್ಮಿಕರ ದಿನ. ಹಿಂದಿನ ಶನಿವಾರ ಭಾನುವಾರಗಳೂ ಸೇರಿ ಅಲ್ಲಿಯವರಿಗೆ ಒಟ್ಟಿಗೆ ಮೂರು ದಿನಗಳ ಬಿಡುವು ದೊರೆಯುತ್ತದೆ. 1935ರಲ್ಲಿ ಆ ಬಿಡುವಿನ ದಿನಗಳಲ್ಲಿ ಮಿಲ್ವಾಕಿ ನಗರದಲ್ಲಿ ಒಂದು ಸಮ್ಮೇಳನ ನೆರೆಯಿತು. ಮನೆಯ ನೆಲಮಾಳಿಗೆಯಲ್ಲಿಯೋ ಅಟ್ಟದಲ್ಲಿಯೋ ಪುಟ್ಟ ಹಳಿಗಳನ್ನು ಹಾಸಿ ಪುಟ್ಟ ರೈಲುಗಳನ್ನು ಓಡಿಸುತ್ತಿದ್ದ ಹವ್ಯಾಸಿಗಳು ಅಲ್ಲಿ ಒಂದುಗೂಡಿದ್ದರು. ಅವರನ್ನು ಕಾಡುತ್ತಿದ್ದ ತೊಂದರೆ ಸರಳವಾದುದು. ಒಬ್ಬ ತಯಾರಕನ ಗಾಡಿ ಇನ್ನೊಬ್ಬನ ಹಳಿಯ ಮೇಲೆ ಓಡುತ್ತಿರಲಿಲ್ಲ. ಒಬ್ಬನ ಕೊಂಡಿ ಇನ್ನೊಬ್ಬನ ಕೊಂಡಿಗೆ ಸಿಕ್ಕಿಕೊಳ್ಳುತ್ತಿರಲಿಲ್ಲ. ಸ್ನೇಹಿತನು ತನ್ನ ಎಂಜಿನ್ನನ್ನು ಕೈಯಲ್ಲಿ ಹಿಡಿದು ಬಂದರೆ ಅದನ್ನು ನೋಡಿ ಸಂತೋಷಪಡಬಹುದಾಗಿತ್ತೇ ಹೊರತು ಓಡಿಸುವಂತಿರಲಿಲ್ಲ. ಈ ಗೊಂದಲವನ್ನು ನೀಗಲು ರಾಷ್ಟ್ರೀಯ ಮಾದರಿ ರೈಲುಮಾರ್ಗ ಸಂಘವು ಆ ಸಮ್ಮೇಳನದಲ್ಲಿ ಹುಟ್ಟಿತು.

ದೊಡ್ಡ ರೈಲಿನ ಅಳತೆಗಳು ಎಲ್ಲರಿಗೂ ತಿಳಿದೇ ಇವೆ. ಅವನ್ನು ಒಂದೇ ಸಂಖ್ಯೆಯಿಂದ ಭಾಗಿಸಿದರೆ ಎಲ್ಲರ ಪುಟ್ಟ ರೈಲೂ ತಾನಾಗಿಯೇ ಒಂದೇ ತೆರನಾಗಬೇಡವೆ? ಅದಕ್ಕೆ ಸಂಘವೇಕೆ, ಸಮ್ಮೇಳನವೇಕೆ? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದರೆ ಭೌತವಿಜ್ಞಾನದ ಕೆಲವು ಮೂಲತತ್ತ್ವಗಳೇ ನಮಗೆ ಎದುರಾಗುತ್ತವೆ.

ಅಳತೆಯ ಲೆಕ್ಕ

ಮೊದಲು ಭಾಗಾಕಾರವನ್ನೇ ನೋಡೋಣ. ಅಮೆರಿಕ ಮತ್ತು ಯೂರೋಪುಗಳ ಬಹುಪಾಲು ರೈಲುಮಾರ್ಗಗಳಲ್ಲಿ ಎರಡು ಹಳಿಗಳ ನಡುವಣ ಅಂತರ 1435 ಮಿಲಿಮೀಟರು. ಜಗತ್ತಿನಲ್ಲಿ ಬಹಳ ಪ್ರಚಾರದಲ್ಲಿರುವ ಮಾದರಿಯ ಪ್ರಮಾಣಕ್ಕೆ ಎಚ್.ಓ. ಎಂದು ಹೆಸರು, ಇದರಲ್ಲಿ ಪ್ರತಿಯೊಂದು ಉದ್ದವೂ ನಿಜವಾದ ಉದ್ದದ 87ರಲ್ಲಿ ಒಂದು ಭಾಗ. 1435ನ್ನು 87ರಿಂದ ಭಾಗಿಸಿದರೆ ಸುಮಾರು 16.5 ಮಿಲಿಮೀಟರು ಬರುತ್ತದೆ. ಇನ್ನೂ ಚಿಕ್ಕದಾದ ಎನ್. ಪ್ರಮಾಣದಲ್ಲಿ 160ರಿಂದ ಭಾಗಿಸುತ್ತಾರೆ. ಹಳಿಗಳ ಅಂತರ 9 ಮಿಲಿಮೀಟರಿಗೆ ಇಳಿಯುತ್ತದೆ.

ಲೆಕ್ಕ ಸುಲಭ. ಆದರೆ ಮೊದಲನೆಯ ಹೆಜ್ಜೆಯಲ್ಲಿಯೇ ಒಂದು ತೊಡಕಿದೆ. ಬೆಂಗಳೂರಿನಿಂದ ಮೈಸೂರಿಗೆ ರೈಲುಮಾರ್ಗದ ಉದ್ದ ಸುಮಾರು 138 ಕಿಲೋಮೀಟರು. ಎಚ್.ಓ. ಪ್ರಮಾಣದಲ್ಲಿ ಇದನ್ನು ಯಥಾವತ್ತಾಗಿ ಹಾಸಲು ಒಂದೂವರೆ ಕಿಲೋಮೀಟರಿಗೂ ಹೆಚ್ಚು ಉದ್ದದ ಕೊಠಡಿ ಬೇಕು! ತಿರುವುಗಳ ವಿಷಯವೂ ಹೀಗೆಯೇ. ನಮ್ಮ ದೇಶದ ಬ್ರಾಡ್‌ಗೇಜ್ ಮಾರ್ಗದಲ್ಲಿ ಅತ್ಯಂತ ಬಿಗಿಯಾದ ತಿರುವಿನ ತ್ರಿಜ್ಯ 175 ಮೀಟರು. ಇದನ್ನು 87ರಿಂದ ಭಾಗಿಸಿದರೆ ಎರಡು ಮೀಟರು. ಎಂದರೆ ರೈಲು ಒಂದು ಸುತ್ತು ಬರಲು ನಾಲ್ಕು ಮೀಟರು ಅಗಲದ ಜಾಗ ಬೇಕಾಗುತ್ತದೆ. ಸಾಮಾನ್ಯ ಮನೆಗಳಲ್ಲಿ ಇದು ಅಸಾಧ್ಯ. ಆದುದರಿಂದ ಅಂಗಡಿಗಳಲ್ಲಿ ದೊರೆಯುವ ತಿರುವುಹಳಿಗಳಲ್ಲಿ 18 ಅಂಗುಲ ತ್ರಿಜ್ಯದವು ಸಾಮಾನ್ಯವಾಗಿವೆ. ನಿಜ ರೈಲಿನ ಲೆಕ್ಕದಲ್ಲಿ ಇದು ಕೇವಲ 40 ಮೀಟರು ತ್ರಿಜ್ಯದ ತಿರುವು. ಅಂಥ ತಿರುವಿನಲ್ಲಿ ನಮ್ಮ ಎಕ್ಸ್‌ಪ್ರೆಸ್ ಗಾಡಿ ಒಂದು ಗಜವೂ ಸಾಗಲಾರದು. ಪುಟ್ಟ ಗಾಡಿ ಅಲ್ಲಿ ತಿರುಗಬೇಕಾದರೆ ಚಕ್ರ, ಕೊಂಡಿ, ಬೋಗಿಗಳ ರಚನೆಯಲ್ಲಿಯೇ ಮಾರ್ಪಾಡು ಮಾಡಬೇಕು. ಮಾರ್ಪಾಡನ್ನು ಒಬ್ಬೊಬ್ಬ ತಯಾರಕನು ಒಂದೊಂದು ಬಗೆಯಲ್ಲಿ ಮಾಡಿದರೆ ಗೊಂದಲವು ತಾನಾಗಿ ಹುಟ್ಟುತ್ತದೆ.

ಕುಗ್ಗದ ನಿಯಮಗಳು

ಇದಕ್ಕಿಂತ ಆಳವಾದ ತೊಡಕು ಇನ್ನೊಂದಿದೆ. ಉದ್ದವನ್ನು ನಾವು ಕುಗ್ಗಿಸಬಹುದು. ಉಳಿದ ಪರಿಮಾಣಗಳು ಅದೇ ಲೆಕ್ಕದಲ್ಲಿ ಕುಗ್ಗುವುದಿಲ್ಲ. ಉದ್ದವು 87ರಲ್ಲಿ ಒಂದು ಭಾಗವಾದರೆ ಮೇಲ್ಮೈಯ ವಿಸ್ತೀರ್ಣವು 87ರ ವರ್ಗದಷ್ಟು, ಎಂದರೆ 7,569 ಪಾಲು ತಗ್ಗುತ್ತದೆ. ಘನಗಾತ್ರವು 87ರ ಘನದಷ್ಟು, ಎಂದರೆ 6,58,503 ಪಾಲು ತಗ್ಗುತ್ತದೆ. ನಮ್ಮ ದೇಶದಲ್ಲಿ 1962ರಿಂದ ಹಲವು ದಶಕಗಳ ಕಾಲ ದುಡಿದ ಡಬ್ಲ್ಯು.ಡಿ.ಎಂ.-2 ಡೀಸೆಲ್ ಎಂಜಿನ್ನಿನ ತೂಕ ಸುಮಾರು 113 ಟನ್ನು. ಅದನ್ನು ಅದೇ ಲೋಹಗಳಿಂದ ಎಚ್.ಓ. ಪ್ರಮಾಣದಲ್ಲಿ ಅಚ್ಚುಕಟ್ಟಾಗಿ ಕುಗ್ಗಿಸಿದರೆ ಉಳಿಯುವ ತೂಕ 170 ಗ್ರಾಮಿನಷ್ಟು ಮಾತ್ರ.

ಎಂಜಿನ್ನು ಗಾಡಿಗಳನ್ನು ಎಳೆಯುವುದು ಹಳಿಯ ಮೇಲೆ ತನ್ನ ಚಕ್ರ ಊರುವ ಹಿಡಿತದಿಂದ. ಆ ಹಿಡಿತ ಬರುವುದು ತೂಕದಿಂದ. ದೊಡ್ಡ ರೈಲಿನಲ್ಲಿ ಉಕ್ಕಿನ ಚಕ್ರಗಳು ಉಕ್ಕಿನ ಹಳಿಯ ಮೇಲೆ ಅತ್ಯಲ್ಪ ಘರ್ಷಣೆಯಿಂದ ಉರುಳುತ್ತವೆ. ಪುಟ್ಟ ಗಾಡಿಗಳ ಅಚ್ಚುಗಳಲ್ಲಿ ಘರ್ಷಣೆಯು ತೂಕಕ್ಕೆ ಹೋಲಿಸಿದರೆ ಹೆಚ್ಚಾಗಿರುತ್ತದೆ. ಹೀಗಾಗಿ ಹವ್ಯಾಸಿಗಳು ಎಂಜಿನ್ನಿನ ಒಡಲಲ್ಲಿ ಲೋಹದ ತುಂಡುಗಳನ್ನು ತುಂಬಿ ತೂಕವನ್ನು ಹೆಚ್ಚಿಸುತ್ತಾರೆ. ಗಾಡಿಗಳು ತೀರ ಹಗುರವಾದರೆ ತಿರುವಿನಲ್ಲಿ ಹಳಿ ಬಿಟ್ಟು ಉರುಳುತ್ತವೆ. ತೀರ ಭಾರವಾದರೆ ಎಂಜಿನ್ನು ಎಳೆಯಲಾರದು. ಇದಕ್ಕಾಗಿ ಮೇಲೆ ಹೇಳಿದ ಸಂಘವು ಎಚ್.ಓ. ಗಾಡಿಗಳಿಗೆ ಒಂದು ಸೂತ್ರವನ್ನು ಸೂಚಿಸಿದೆ: ಮೊದಲು 28 ಗ್ರಾಂ, ಅದರ ಮೇಲೆ ಗಾಡಿಯ ಉದ್ದದ ಒಂದೊಂದು ಅಂಗುಲಕ್ಕೂ 14 ಗ್ರಾಂ. ಆರು ಅಂಗುಲದ ಗಾಡಿ ಸುಮಾರು 112 ಗ್ರಾಂ ತೂಗಬೇಕು.

ಗುರುತ್ವಾಕರ್ಷಣೆಯಂತೂ ಮಾದರಿಗೆಂದು ಕಿಂಚಿತ್ತೂ ರಿಯಾಯಿತಿ ತೋರುವುದಿಲ್ಲ. ಐದು ಮೀಟರು ಎತ್ತರದ ಸೇತುವೆಯಿಂದ ಒಂದು ಮೂಟೆ ಕೆಳಕ್ಕೆ ಬೀಳಲು ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. ಮಾದರಿಯ ಸೇತುವೆಯ ಎತ್ತರ ಆರು ಸೆಂಟಿಮೀಟರಿಗೂ ಕಡಿಮೆ. ಅಲ್ಲಿಂದ ಬೀಳಲು ಒಂದು ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ಕಾಲ ಸಾಕು. ಬೀಳುವ ಕಾಲವು ಎತ್ತರದ ವರ್ಗಮೂಲವನ್ನು ಅನುಸರಿಸುವುದೇ ಇದಕ್ಕೆ ಕಾರಣ. 87ರ ವರ್ಗಮೂಲ ಸುಮಾರು 9.3. ಚಲನಚಿತ್ರಗಳಲ್ಲಿ ಪುಟ್ಟ ಸೇತುವೆಯನ್ನು ಕೆಡವಿ ದೊಡ್ಡ ಸೇತುವೆ ಕುಸಿದಂತೆ ತೋರಿಸುವವರು ಈ ಲೆಕ್ಕವನ್ನು ಬಲ್ಲರು. ಚಿತ್ರವನ್ನು ಅತಿವೇಗದಲ್ಲಿ ತೆಗೆದು ಸಾಧಾರಣ ವೇಗದಲ್ಲಿ ತೋರಿಸಿದರೆ ಕುಸಿತವು ಗಂಭೀರವಾಗಿ ಕಾಣುತ್ತದೆ. 1870ರ ದಶಕದಲ್ಲಿ ಇಂಗ್ಲೆಂಡಿನ ವಿಲಿಯಂ ಫ್ರೌಡ್ ಎಂಬ ಎಂಜಿನಿಯರು ಹಡಗುಗಳ ಚಿಕ್ಕ ಮಾದರಿಗಳನ್ನು ನೀರಿನ ತೊಟ್ಟಿಯಲ್ಲಿ ಎಳೆದು ಪರೀಕ್ಷಿಸಿದಾಗ ಬಳಸಿದುದೂ ವರ್ಗಮೂಲದ ನಿಯಮವನ್ನೇ.

ರೈಲನ್ನು ನಿಲ್ಲಿಸುವಾಗ ಈ ವ್ಯತ್ಯಾಸವು ಕಣ್ಣಿಗೆ ಹೊಡೆಯುವಂತೆ ತೋರುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವ ರೈಲಿನ ವೇಗವನ್ನು ಸೆಕೆಂಡಿಗೆ ಅರ್ಧ ಮೀಟರಿನಂತೆ ತಗ್ಗಿಸುತ್ತ ಬಂದರೆ ಅದು ಸುಮಾರು 770 ಮೀಟರು ದೂರ ಸಾಗಿ ನಿಲ್ಲುತ್ತದೆ. ಮಾದರಿಯಲ್ಲಿ ಅದೇ ರೈಲಿನ ವೇಗ ಸೆಕೆಂಡಿಗೆ 32 ಸೆಂಟಿಮೀಟರು. ಇದನ್ನೂ ಅದೇ ದರದಲ್ಲಿ ತಗ್ಗಿಸಿದರೆ 10 ಸೆಂಟಿಮೀಟರಿನಲ್ಲಿಯೇ ನಿಂತುಬಿಡುತ್ತದೆ. ನಿಜ ರೈಲಿನಂತೆ ತೋರಬೇಕಾದರೆ ಅದು ಸುಮಾರು ಒಂಬತ್ತು ಮೀಟರು ಸಾಗಿ ನಿಲ್ಲಬೇಕಿತ್ತು! ಗಾಂಭೀರ್ಯದಿಂದ ನಿಲ್ದಾಣ ಸೇರಬೇಕಾದ ಎಕ್ಸ್‌ಪ್ರೆಸ್ಸು ಮಿಡತೆಯಂತೆ ಹಾರಿ ನಿಂತರೆ ಚೆನ್ನೆ? ಆದುದರಿಂದ ಒಳ್ಳೆಯ ಮಾದರಿಗಳಲ್ಲಿ ಮೋಟಾರಿನ ಅಚ್ಚಿಗೆ ಫ್ಲೈವೀಲ್ ಎಂಬ ಭಾರವಾದ ಹಿತ್ತಾಳೆಯ ಚಕ್ರವನ್ನು ಜೋಡಿಸುತ್ತಾರೆ. ವಿದ್ಯುತ್ತು ನಿಂತರೂ ಜಡತ್ವದಿಂದ ಆ ಚಕ್ರ ಕ್ಷಣಕಾಲ ತಿರುಗುತ್ತಿದ್ದು ರೈಲನ್ನು ಮೆಲ್ಲಗೆ ನಿಲ್ಲಿಸುತ್ತದೆ.

ನೀರೂ ಕುಗ್ಗಲೊಲ್ಲದು. ಹನಿಯ ಗಾತ್ರವನ್ನು ನಿರ್ಧರಿಸುವ ಮೇಲ್ಮೈ ಎಳೆತವು ಮಾದರಿಯಲ್ಲಿಯೂ ಅಷ್ಟೇ ಇರುತ್ತದೆ. ನಿಜವಾದ ನೀರನ್ನು ಹರಿಸಿದರೆ ಆ ಪುಟ್ಟ ನದಿಯಲ್ಲಿ ಒಂದೊಂದು ಹನಿಯೂ ಎಮ್ಮೆಯ ತಲೆಯ ಗಾತ್ರದ್ದಾಗಿ ತೋರುತ್ತದೆ. ಹೀಗಾಗಿ ಹವ್ಯಾಸಿಗಳ ನದಿಗಳಲ್ಲಿ ಹರಿಯುವುದು, ಅಥವಾ ಹರಿಯುವಂತೆ ತೋರುವುದು, ಗಟ್ಟಿಯಾದ ರಾಳ ಇಲ್ಲವೆ ವಾರ್ನಿಷು.

ಗಡಿಯಾರವೂ ಅಳತೆಗೆ ತಕ್ಕಂತೆ ನಡೆಯುವುದಿಲ್ಲ. ಮೂವತ್ತು ಮೀಟರು ಉದ್ದದ ದೊಡ್ಡ ಮಾದರಿ ಮಾರ್ಗವೂ ನಿಜವಾಗಿ ಎರಡೂವರೆ ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಗಂಟೆಗೆ 60 ಕಿಲೋಮೀಟರು ವೇಗದ ರೈಲು ಅದನ್ನು ಮೂರು ನಿಮಿಷದೊಳಗೆ ಮುಗಿಸುತ್ತದೆ. ವೇಳಾಪಟ್ಟಿಯಂತೆ ರೈಲುಗಳನ್ನು ನಡೆಸಬಯಸುವವರು ಇದಕ್ಕೆಂದೇ ವೇಗದ ಗಡಿಯಾರವನ್ನು ಗೋಡೆಗೆ ತೂಗುಹಾಕುತ್ತಾರೆ. ನಮ್ಮ ಐದು ನಿಮಿಷಕ್ಕೆ ಅದರ ಮುಳ್ಳು ಅರ್ಧ ಗಂಟೆಯನ್ನೋ ಒಂದು ಗಂಟೆಯನ್ನೋ ಸುತ್ತಿ ಬರುತ್ತದೆ.

ಎರಡು ಹಳಿ, ಒಂದು ಪ್ರವಾಹ

ಪುಟ್ಟ ಎಂಜಿನ್ನಿಗೆ ಶಕ್ತಿ ಬರುವುದು ಹಳಿಗಳ ಮೂಲಕ. ಸಾಧಾರಣ ಪದ್ಧತಿಯಲ್ಲಿ ಒಂದು ಹಳಿಯಿಂದ 12 ವೋಲ್ಟಿನ ಏಕಮುಖ ಪ್ರವಾಹವು ಚಕ್ರದ ಮೂಲಕ ಮೋಟಾರನ್ನು ಹೊಕ್ಕು ಇನ್ನೊಂದು ಹಳಿಯಿಂದ ಹಿಂದಿರುಗುತ್ತದೆ. ವೋಲ್ಟೇಜನ್ನು ಹೆಚ್ಚಿಸಿದರೆ ರೈಲು ವೇಗವಾಗಿ ಓಡುತ್ತದೆ. ಧನ ಋಣಗಳನ್ನು ಅದಲುಬದಲು ಮಾಡಿದರೆ ಹಿಂದಕ್ಕೆ ಚಲಿಸುತ್ತದೆ.

ಈ ಸರಳತೆಯಲ್ಲಿ ಒಂದು ಬಲೆಯಿದೆ. ಹಳಿಯು ಕುಣಿಕೆಯಂತೆ ಸುತ್ತಿ ಬಂದು ತನ್ನನ್ನೇ ಕೂಡಿಕೊಂಡಿತೆನ್ನಿ. ಕೂಡುವ ಜಾಗದಲ್ಲಿ ಎಡಹಳಿಯು ಬಲಹಳಿಯನ್ನು ಮುಟ್ಟುತ್ತದೆ. ಷಾರ್ಟ್ ಸರ್ಕ್ಯೂಟ್ ಆಗುತ್ತದೆ. ಓದುಗರು ಕಾಗದದ ಮೇಲೆ ಎರಡು ಬಣ್ಣದ ಗೆರೆಗಳನ್ನು ಎಳೆದು ಇದನ್ನು ತಾವೇ ಪರೀಕ್ಷಿಸಬಹುದು. ಕುಣಿಕೆಯ ಎರಡೂ ತುದಿಗಳಲ್ಲಿ ಹಳಿಗಳನ್ನು ಕತ್ತರಿಸಿ ಅದನ್ನು ಬೇರ್ಪಡಿಸಿ, ರೈಲು ಒಳಗಿರುವಾಗ ಪ್ರವಾಹದ ದಿಕ್ಕನ್ನು ಬದಲಿಸುವುದೇ ಪರಿಹಾರ.

ಒಂದೇ ಮಾರ್ಗದಲ್ಲಿ ಹಲವು ರೈಲುಗಳನ್ನು ಬೇರೆ ಬೇರೆಯಾಗಿ ನಡೆಸುವುದು ಇನ್ನೂ ಕಠಿನ. ಮಾರ್ಗವನ್ನು ಅನೇಕ ತುಂಡುಗಳಾಗಿ ವಿಂಗಡಿಸಿ, ರೈಲು ಮುಂದುವರಿದಂತೆಲ್ಲ ಅದರ ಚಾಲಕನ ಹತೋಟಿಯನ್ನೂ ತುಂಡಿನಿಂದ ತುಂಡಿಗೆ ವರ್ಗಾಯಿಸಬೇಕು. ಅಮೆರಿಕದ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಲ್ಲಿ 1946ರಲ್ಲಿ ಸ್ಥಾಪಿತವಾದ ವಿದ್ಯಾರ್ಥಿಗಳ ಮಾದರಿ ರೈಲು ಕ್ಲಬ್ಬು ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದ ರಿಲೇಗಳಿಂದ ಈ ಕಾರ್ಯವನ್ನು ಸಾಧಿಸಿತು. ಮೇಜಿನ ಕೆಳಗೆ ತಂತಿಗಳ ಆ ಕಾಡಿನಲ್ಲಿ ತರ್ಕವನ್ನು ಕಲಿತ ಹಲವು ತರುಣರು ಅನಂತರ ಕಂಪ್ಯೂಟರಿನ ಕಡೆ ತಿರುಗಿದರು. 1962ರಲ್ಲಿ ಅವರ ಗುಂಪಿನಿಂದ ಹೊರಬಂದ ಸ್ಪೇಸ್‌ವಾರ್ ಆಟವು ಕಂಪ್ಯೂಟರ್ ಆಟಗಳ ಇತಿಹಾಸದ ಮೊದಲ ಅಧ್ಯಾಯಗಳಲ್ಲಿ ಒಂದು.

1990ರ ದಶಕದಲ್ಲಿ ಹೊಸ ವಿಧಾನವೊಂದು ಸರ್ವಸಮ್ಮತವಾಯಿತು. ಇದರಲ್ಲಿ ಹಳಿಗಳಿಗೆ ಸದಾ ಒಂದೇ ಮಟ್ಟದ ವೋಲ್ಟೇಜು ದೊರೆಯುತ್ತದೆ; ಆದರೆ ಅದರ ದಿಕ್ಕು ಸೆಕೆಂಡಿಗೆ ಸಾವಿರಾರು ಸಲ ಬದಲಾಗುತ್ತಿರುತ್ತದೆ. ಚಿಕ್ಕ ಮಿಡಿತಕ್ಕೆ ಒಂದು ಎಂದೂ, ಉದ್ದ ಮಿಡಿತಕ್ಕೆ ಸೊನ್ನೆ ಎಂದೂ ಅರ್ಥ. ಈ ಅಂಕಿಗಳಿಂದಾದ ಅಪ್ಪಣೆಯಲ್ಲಿ ಎಂಜಿನ್ನಿನ ವಿಳಾಸವೂ ಸೇರಿರುತ್ತದೆ. ಎಲ್ಲ ಎಂಜಿನ್ನುಗಳೂ ಎಲ್ಲ ಅಪ್ಪಣೆಗಳನ್ನೂ ಪಡೆಯುತ್ತವೆ. ಒಂದೊಂದೂ ತನ್ನ ವಿಳಾಸದ್ದನ್ನು ಮಾತ್ರ ಪಾಲಿಸುತ್ತದೆ.

ನಿಖರತೆಯೋ, ಸಹವಾಸವೋ?

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿದಂತಾಯಿತು. ಪುಟ್ಟ ರೈಲು ದೊಡ್ಡ ರೈಲಿನ ಶುದ್ಧ ಭಾಗಾಕಾರವಲ್ಲ. ಅದು ಓಡಬೇಕಾದರೆ ಎಲ್ಲಿಯಾದರೂ ಲೆಕ್ಕವನ್ನು ಸಡಿಲಿಸಲೇಬೇಕು. ದೊಡ್ಡ ರೈಲಿನ ಚಕ್ರದ ಅಗಲವನ್ನು 87ರಿಂದ ಭಾಗಿಸಿದರೆ ಸುಮಾರು 1.6 ಮಿಲಿಮೀಟರು, ಮಾದರಿಗಳಲ್ಲಿ ರೂಢಿಯಲ್ಲಿರುವುದು ಸುಮಾರು 2.8 ಮಿಲಿಮೀಟರು. ಅಷ್ಟು ಅಗಲವಿಲ್ಲದಿದ್ದರೆ ಕೈಯಿಂದ ಹಾಸಿದ, ಅಲ್ಪಸ್ವಲ್ಪ ಏರುಪೇರಾದ ಹಳಿಯ ಮೇಲೆ ಅದು ನಿಲ್ಲದು. ಎಲ್ಲಿ, ಎಷ್ಟು ಸಡಿಲಿಸಬೇಕೆಂಬುದನ್ನು ಪ್ರಕೃತಿ ಹೇಳಿಕೊಡುವುದಿಲ್ಲ. ಮನುಷ್ಯರು ಕುಳಿತು ಒಪ್ಪಂದ ಮಾಡಿಕೊಳ್ಳಬೇಕು. 1935ರ ಸಮ್ಮೇಳನ ಬೇಕಾದುದು ಇದಕ್ಕೆ.

ಆ ಒಪ್ಪಂದದ ಫಲವನ್ನು ಈಗ ರಜಾದಿನಗಳಲ್ಲಿ ಕಾಣಬಹುದು. ನವೆಂಬರ್ ತಿಂಗಳ ಕೃತಜ್ಞತಾ ದಿನದಿಂದ ಕ್ರಿಸ್‌ಮಸ್‌ವರೆಗೆ ಅಮೆರಿಕದ ಊರೂರುಗಳಲ್ಲಿ ಹವ್ಯಾಸಿಗಳು ಸಭಾಂಗಣಗಳಲ್ಲಿ ಕಲೆಯುತ್ತಾರೆ. 1970ರ ದಶಕದಲ್ಲಿ ಎನ್. ಪ್ರಮಾಣದವರು ರೂಪಿಸಿದ ಎನ್‌ಟ್ರಾಕ್ ಪದ್ಧತಿಯಲ್ಲಿ ಪ್ರತಿಯೊಬ್ಬನೂ ಎರಡಡಿ ಅಗಲ, ನಾಲ್ಕಡಿ ಉದ್ದದ ಹಲಗೆಯೊಂದನ್ನು ತನ್ನ ಇಷ್ಟದಂತೆ ಅಲಂಕರಿಸುತ್ತಾನೆ. ಒಬ್ಬನದು ಮರುಭೂಮಿ, ಇನ್ನೊಬ್ಬನದು ಹಿಮದ ಬೆಟ್ಟ, ಮತ್ತೊಬ್ಬನದು ಕಾರ್ಖಾನೆಯ ಅಂಗಳ. ಯಾರೂ ಮೀರಕೂಡದ ಕಟ್ಟಳೆ ಒಂದೇ: ಹಲಗೆಯ ಎರಡೂ ತುದಿಗಳಲ್ಲಿ ಮೂರು ಮುಖ್ಯ ಹಳಿಗಳು ಗೊತ್ತಾದ ಸ್ಥಾನದಲ್ಲಿ, ಗೊತ್ತಾದ ಎತ್ತರದಲ್ಲಿ ಇರಬೇಕು. ಹಲಗೆಗಳನ್ನು ಸಾಲಾಗಿ ಇಟ್ಟು ನಡುವೆ ಹಳಿಯ ತುಣುಕುಗಳನ್ನು ಕೂಡಿಸಿದರೆ ಹತ್ತಾರು ಮನೆಗಳಿಂದ ಬಂದ ತುಂಡುಗಳು ಒಂದೇ ರೈಲುಮಾರ್ಗವಾಗಿ ಬಿಡುತ್ತವೆ.

ಭಾರತದ ಹವ್ಯಾಸಿಗೆ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗಿದೆ. ನಮ್ಮ ಬ್ರಾಡ್‌ಗೇಜ್ ಹಳಿಗಳ ಅಂತರ 1676 ಮಿಲಿಮೀಟರು. 87ರಿಂದ ಭಾಗಿಸಿದರೆ 19.3 ಮಿಲಿಮೀಟರು. ಅಂಗಡಿಯಲ್ಲಿ ದೊರೆಯುವ ಎಚ್.ಓ. ಹಳಿಯಾದರೋ 16.5 ಮಿಲಿಮೀಟರಿನದು. ಭಾರತದ ಗಾಡಿಯನ್ನು ಈ ಹಳಿಯ ಮೇಲೆ ನಿಲ್ಲಿಸಿದರೆ ಅಗಲವಾದ ಮೈಯ ಕೆಳಗೆ ಕಾಲುಗಳು ಹತ್ತಿರವಾದಂತೆ ಕಾಣುತ್ತದೆ. 2.8 ಮಿಲಿಮೀಟರಿನ ಈ ಕೊರತೆಯನ್ನು ತುಂಬಲು ಹಳಿಯನ್ನೂ ಚಕ್ರಗಳನ್ನೂ ಕೈಯಿಂದಲೇ ಮಾಡಿಕೊಳ್ಳಬಹುದು. ಹಾಗೆ ಮಾಡಿದವನ ರೈಲು ನೋಡಲು ನಿಜವಾದುದು. ಆದರೆ ಅದು ಅವನ ಮನೆಯ ಹಳಿಯ ಮೇಲಲ್ಲದೆ ಬೇರೆಲ್ಲಿಯೂ ಓಡದು. ಕೊರತೆಯನ್ನು ಸಹಿಸಿಕೊಂಡವನ ರೈಲು ಬೆಂಗಳೂರಿನ ಸ್ನೇಹಿತನ ಹಳಿಯ ಮೇಲೂ ಓಡುತ್ತದೆ, ಹ್ಯಾಂಬರ್ಗಿನ ಅಪರಿಚಿತನ ಹಳಿಯ ಮೇಲೂ ಓಡುತ್ತದೆ.

ಇವೆರಡರಲ್ಲಿ ಯಾವುದು ಮೇಲು ಎಂಬುದನ್ನು ಹವ್ಯಾಸಿಯೇ ನಿರ್ಧರಿಸಬೇಕು. ಬಹುಮಂದಿ ಎರಡನೆಯದನ್ನು ಆರಿಸಿಕೊಂಡಿದ್ದಾರೆ. ಸುಮಾರು ಮೂರು ಮಿಲಿಮೀಟರು ತಪ್ಪನ್ನು ತಿಳಿದೂ ಒಪ್ಪಿಕೊಂಡು, ಅದಕ್ಕೆ ಬದಲಾಗಿ ರಜೆಯ ದಿನ ಗೆಳೆಯನ ಮನೆಗೆ ತನ್ನ ರೈಲನ್ನು ಕೊಂಡೊಯ್ಯುವ ಸೌಕರ್ಯವನ್ನು ಅವರು ಪಡೆದಿದ್ದಾರೆ.