ಚಳಿಗಾಲದ ಮನೆಮದ್ದುಗಳು

ಶಿವಮೊಗ್ಗೆಯಿಂದ ಸಾಗರದ ಹಾದಿಯಲ್ಲಿ ಸುಮಾರು 10 ಕಿಲೋಮೀಟರು ಹೋದರೆ ತ್ಯಾವರೆಕೊಪ್ಪ ಸಿಕ್ಕುತ್ತದೆ. ಹೊರಗಿನವರು ಅದನ್ನು ಹುಲಿ-ಸಿಂಹಧಾಮದಿಂದ ಬಲ್ಲರು. ಆ ಕಡೆಯಿಂದ ಕಾಲೇಜಿಗೆ ಬರುವ ನಮಗಾದರೋ ಡಿಸೆಂಬರ್ ಎಂದೊಡನೆ ನೆನಪಾಗುವುದು ಬೆಳಗಿನ ಇಬ್ಬನಿ, ಅಡಿಕೆ ಸುಲಿಯುವ ರಾತ್ರಿಗಳು, ಮನೆಮನೆಯ ಕೆಮ್ಮು. ಆಗ ಅಜ್ಜಿಯಂದಿರು ಹಿತ್ತಲಿನಿಂದ ತರುವ ಸೊಪ್ಪುಗಳು ಮಾಡುವ ಕೆಲಸವೇನು, ಅವು ಎಲ್ಲಿ ಸಾಲದಾಗುತ್ತವೆ ಎಂಬುದು ವಿಚಾರಯೋಗ್ಯವಾಗಿದೆ.

ಹೇಮಂತದಲ್ಲಿ ಹೊರಗಿನ ಶೀತದಿಂದ ಜಠರಾಗ್ನಿ ಒಳಗೇ ಪ್ರಬಲವಾಗುವುದೆಂದೂ ಆದುದರಿಂದ ಜಿಡ್ಡುಳ್ಳ ಪುಷ್ಟಿಕರ ಆಹಾರ ಬೇಕೆಂದೂ ಚರಕಸಂಹಿತೆ ಹೇಳುತ್ತದೆ. ಸಂಕ್ರಾಂತಿಯ ಎಳ್ಳುಬೆಲ್ಲ ಇದಕ್ಕೆ ಒಪ್ಪುವಂಥದೇ.

ಎಲ್ಲರೂ ಬಲ್ಲುದು ಶುಂಠಿ, ಮೆಣಸು, ಜೀರಿಗೆ, ಕೊತ್ತಂಬರಿಗಳನ್ನು ಕುಟ್ಟಿ, ಬೆಲ್ಲ ಹಾಕಿ, ಎರಡು ಲೋಟ ನೀರು ಒಂದಾಗುವವರೆಗೆ ಕುದಿಸಿದ ಕಷಾಯ. ಇದು ನೆಗಡಿಯನ್ನು ಕೊಲ್ಲುವುದಿಲ್ಲ. ನೆಗಡಿ ವಾರ ಹತ್ತು ದಿನಗಳಲ್ಲಿ ತಾನಾಗಿಯೇ ಇಳಿಯುವಂಥದು. ಕಷಾಯದ ಬಿಸಿಯಿಂದ ಗಂಟಲಿನ ಕೆರೆತ ಶಮನವಾಗುತ್ತದೆ, ಅಷ್ಟೇ. ಅರಿಸಿನದ ಹಾಲಿಗೆ ಮೆಣಸಿನ ಪುಡಿ ಸೇರಿಸುವ ರೂಢಿಗೆ ಮಾತ್ರ ಸ್ವಾರಸ್ಯವಾದ ಆಧಾರವೊಂದುಂಟು. ಮೆಣಸಿನ ಪೈಪರೀನ್ ಜೊತೆಗಿದ್ದರೆ ಅರಿಸಿನದ ಕರ್ಕ್ಯುಮಿನ್ ಮನುಷ್ಯರ ರಕ್ತಕ್ಕೆ ಹಲವು ಪಟ್ಟು ಹೆಚ್ಚಾಗಿ ಸೇರುವುದೆಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ಪ್ರಕಟಿಸಿದರು. ಆದರೆ ಅವರು ಕೊಟ್ಟದ್ದು 2 ಗ್ರಾಂ ಕರ್ಕ್ಯುಮಿನ್. ಅಷ್ಟನ್ನು ಪಡೆಯಲು ಹಾಲಿಗೆ ಚಿಟಿಕೆಯಲ್ಲ, ಹಿಡಿಗಟ್ಟಲೆ ಅರಿಸಿನ ಸುರಿಯಬೇಕಾದೀತು!

ಕಫ ಕಟ್ಟಿದ ಕೆಮ್ಮಿಗೆ ಆಡುಸೋಗೆಗೆ ಸಮನಾದುದು ನಮ್ಮ ಬೇಲಿಗಳಲ್ಲಿ ಮತ್ತೊಂದಿಲ್ಲ. ದನ ಮೇಯದ ಕಾರಣ ಇದನ್ನು ಬೇಲಿಗೇ ನೆಡುತ್ತಾರೆ. ನಾಲ್ಕೈದು ಎಲೆಗಳನ್ನು ಹಬೆಯಲ್ಲಿ ಬಾಡಿಸಿ ಹಿಂಡಿದರೆ ರಸ ಸಲೀಸಾಗಿ ಬರುತ್ತದೆ. ಕಹಿಗೆ ಜೇನು ಬೆರೆಸುವುದು ವಾಡಿಕೆ. ಎಲೆಯಲ್ಲಿರುವ ವ್ಯಾಸಿಸೀನ್ ಎಂಬ ಸತ್ತ್ವವನ್ನು ಅನುಸರಿಸಿಯೇ ಬ್ರೊಮ್‌ಹೆಕ್ಸಿನ್ ಎಂಬ ಔಷಧ 1960ರ ದಶಕದಲ್ಲಿ ಸಿದ್ಧವಾಯಿತು. ಅಂಗಡಿಯ ಎಷ್ಟೋ ಕೆಮ್ಮಿನ ಸಿರಪ್ಪುಗಳಲ್ಲಿ ಇರುವುದು ಅದೇ. ಗರ್ಭಿಣಿಯರಿಗೆ ಆಡುಸೋಗೆ ಸಲ್ಲದು, ಅದು ಗರ್ಭಕೋಶವನ್ನು ಕೆರಳಿಸುತ್ತದೆ. ವರ್ಷ ತುಂಬದ ಕೂಸಿಗೆ ಜೇನು ಸಲ್ಲದು. ಕೆಮ್ಮು ಎರಡು ವಾರ ಮೀರಿದರೆ ಎಲೆ ಹಿಂಡುವುದನ್ನು ಬಿಟ್ಟು ಕಫದ ಪರೀಕ್ಷೆ ಮಾಡಿಸಬೇಕು. ಅದು ಕ್ಷಯವಾಗಿದ್ದರೂ ಇರಬಹುದು.

ಜ್ವರ ಬಂದಾಗ ಕೈ ಹೋಗುವುದು ಅಮೃತಬಳ್ಳಿಗೆ. ಹೆಸರೇ ಅಮೃತವಾದುದರಿಂದ ಎಷ್ಟು ಕುಡಿದರೂ ಆದೀತೆಂಬ ಭಾವನೆ ಉಂಟಾಗಿದೆ. ಕೋವಿಡ್ ಕಾಲದಲ್ಲಿ ಇದನ್ನು ಸೇವಿಸಿದ ಕೆಲವರಿಗೆ ಯಕೃತ್ತಿನ ತೊಂದರೆಯಾದುದನ್ನು 2021ರಲ್ಲಿ ಮುಂಬಯಿಯ ವೈದ್ಯರು ವರದಿ ಮಾಡಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಅದೇ ಜಾತಿಯ ಬೇರೆ ಬಳ್ಳಿಯನ್ನು ತಪ್ಪಾಗಿ ಬಳಸಿರಬಹುದೆಂದಿತು. ಯಾರ ಮಾತು ನಿಜವಾದರೂ ಗುರುತಿಲ್ಲದ ಬಳ್ಳಿಯನ್ನು ತಿಂಗಳುಗಟ್ಟಲೆ ಕುಡಿಯುವುದು ಜಾಣತನವಲ್ಲ.

ನಮ್ಮ ಜಿಲ್ಲೆಯವರಿಗೆ ಇದಕ್ಕಿಂತ ಹತ್ತಿರದ ಭಯವೊಂದಿದೆ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಉಣುಗಿನ ಕಡಿತದಿಂದ ಹರಡುತ್ತದೆ. ತಲೆಯೆತ್ತುವುದು ಈ ಚಳಿಗಾಲದಲ್ಲಿಯೇ. ಥಟ್ಟನೆ ಏರುವ ಜ್ವರ, ತಲೆನೋವು, ಮೈಕೈ ಸೆಳೆತ ಅದರ ಲಕ್ಷಣಗಳು. ಮೊದಲ ದಿನ ಸಾಧಾರಣ ಶೀತಜ್ವರವೆಂದೇ ತೋರುವುದರಿಂದ ಕಷಾಯದಲ್ಲಿ ಮೂರು ನಾಲ್ಕು ದಿನ ಕಳೆದುಹೋಗುವುದು ಸುಲಭ. ದರಗಿಗೋ ಸೌದೆಗೋ ಕಾಡಿಗೆ ಹೋಗಿ ಬಂದವನಿಗೆ ಇಂಥ ಜ್ವರ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ, ಕಾಡಿಗೆ ಹೋಗಿದ್ದ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸಬೇಕು. ಯಾವ ರಕ್ತಪರೀಕ್ಷೆ ಮಾಡಿಸಬೇಕೆಂಬುದು ಅವರಿಗೆ ಆ ಮಾತಿನಿಂದಲೇ ಹೊಳೆಯುತ್ತದೆ.